ರೇಟ್ ಹೇಳುವವರ ಕೈಯಲ್ಲೇ ಲೆಡ್ಜರ್ ಇರಬೇಕು

ರೈಸ್ ಮಿಲ್ಲಿನಲ್ಲಿ ಎಲಿವೇಟರ್ ನಿಂತರೆ ಭತ್ತ ಮೇಲೆ ಹೋಗುವುದಿಲ್ಲ. ಭತ್ತ ಮೇಲೆ ಹೋಗದಿದ್ದರೆ ಇಡೀ ಮಿಲ್ಲೇ ನಿಂತ ಹಾಗೆ. ಆಗ ನಮ್ಮ ಆಫೀಸಿಗೆ ಫೋನ್ ಬರುತ್ತದೆ. ಆ ಫೋನ್ ಎತ್ತುವುದು ನಾನು. ಯಾವ ಬೇರಿಂಗ್ ಬೇಕು ಅಂತ ಕೇಳಿ ತಿಳಿದುಕೊಳ್ಳಬೇಕು. ಸ್ಟಾಕ್ ನೋಡಿ ರೇಟ್ ಹೇಳಬೇಕು. ಬಿಲ್ ಹಾಕಿ ಮಾಲು ಕಳಿಸಬೇಕು. ಆಮೇಲೆ ಅದರ ದುಡ್ಡು ಬಂತಾ ಇಲ್ವಾ ಅಂತ ನೋಡಿ ಲೆಕ್ಕಕ್ಕೆ ಸೇರಿಸುವುದೂ ನನ್ನದೇ ಕೆಲಸ.

ತುಮಕೂರಿನ ಅಂತರಸನಹಳ್ಳಿ ಕಡೆ ಇರುವ ಸಣ್ಣ ಡೀಲರ್ ನಾವು. ಬೇರಿಂಗ್, ವಿ-ಬೆಲ್ಟ್, ಪುಲ್ಲಿ, ಕಪ್ಲಿಂಗ್, ಆಯಿಲ್ ಸೀಲ್ ಮಾರುತ್ತೇವೆ. ಊರ ಸುತ್ತಲಿನ ರೈಸ್ ಮಿಲ್ಲುಗಳು, ತಿಪಟೂರಿನ ಕೊಬ್ಬರಿ ಪುಡಿ ಫ್ಯಾಕ್ಟರಿಗಳು, ಗುಬ್ಬಿ, ತುರುವೇಕೆರೆ ಕಡೆಯ ತೆಂಗಿನ ನಾರಿನ ಘಟಕಗಳು, ವಸಂತನರಸಾಪುರ ಮತ್ತು ಹಿರೇಹಳ್ಳಿಯ ಕಾರ್ಖಾನೆಗಳು ನಮ್ಮ ಗಿರಾಕಿಗಳು. ಸೇಲ್ಸ್ ಹುಡುಗರು ಬೈಕ್ ಹತ್ತಿ ಊರೂರು ತಿರುಗುತ್ತಾರೆ. ನಾನು ಒಳಗೆ ಕೂರುತ್ತೇನೆ. ಸೇಲ್ಸ್ ಕೋಆರ್ಡಿನೇಟರ್ ಅಂತ ಕರೆಯುತ್ತಾರೆ, ಅಕೌಂಟ್ಸೂ ನಾನೇ ನೋಡುತ್ತೇನೆ.

ಬಿ.ಕಾಂ ಮುಗಿಸಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿತವರಲ್ಲಿ ಎಷ್ಟೋ ಜನ ಇಂಥದ್ದೇ ಮೇಜಿಗೆ ಬಂದು ಸೇರುತ್ತಾರೆ. ಸೇರುವ ಮುಂಚೆ ಒಳಗೆ ಏನು ನಡೆಯುತ್ತೆ ಅಂತ ಹೇಳುವವರು ಯಾರೂ ಇರುವುದಿಲ್ಲ. 'ಸುಮ್ನೆ ಬಿಲ್ ಹಾಕೋ ಕೆಲಸ' ಅಂತ ನನಗೂ ಹೇಳಿದ್ದರು. ಅದು ಎಷ್ಟು ತಪ್ಪು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಟರ್‌ವ್ಯೂನಲ್ಲಿ ಓನರ್ ಸರ್ ನನ್ನ ಮಾರ್ಕ್ಸ್ ಕಾರ್ಡ್ ನೋಡಲಿಲ್ಲ. ಒಂದು ಕಂಪನಿಯ ಪ್ರೈಸ್ ಲಿಸ್ಟ್ ಮುಂದೆ ತಳ್ಳಿ, 'ಲಿಸ್ಟ್ ಮೇಲೆ 40 ಪ್ಲಸ್ 5 ಕೊಡ್ತೀವಿ ಅಂದ್ರೆ, ನೂರು ರೂಪಾಯಿ ಐಟಂ ಎಷ್ಟಕ್ಕೆ ಬೀಳುತ್ತೆ?' ಅಂತ ಕೇಳಿದರು. ಶೇಕಡ 40 ಡಿಸ್ಕೌಂಟ್, ಅದರ ಮೇಲೆ ಇನ್ನೂ 5 ಅಂತ ಅರ್ಥ. 45 ಕಳೆದು 55 ಅಂತ ಅನ್ನಿಸುವುದು ಸಹಜ. ಆದರೆ ವ್ಯಾಪಾರದಲ್ಲಿ ಹಾಗೆ ಲೆಕ್ಕ ಹಾಕುವುದಿಲ್ಲ. ಮೊದಲು 40 ಕಳೆದರೆ 60 ಉಳಿಯುತ್ತದೆ. ಆ 60ರಲ್ಲಿ ಶೇಕಡ 5, ಅಂದರೆ 3 ರೂಪಾಯಿ ಕಳೆದರೆ 57. ಮಾವನವರ ಹಾರ್ಡ್‌ವೇರ್ ಅಂಗಡಿಯಲ್ಲಿ ರಜೆಯಲ್ಲಿ ಕೂರುತ್ತಿದ್ದೆ, ಹಾಗಾಗಿ ಗೊತ್ತಿತ್ತು. 57 ಅಂದೆ. 'ನಾಳೆಯಿಂದ ಬಾಮ್ಮ' ಅಂದರು.

ಟ್ಯಾಲಿ ಮುಂದೆ ಕೂರಿಸುತ್ತಾರೆ ಅಂದುಕೊಂಡಿದ್ದೆ. ಕಳಿಸಿದ್ದು ಗೋಡೌನಿಗೆ. ಗೋಡೌನ್ ನೋಡಿಕೊಳ್ಳುವ ಅಣ್ಣನಿಗೆ ಐವತ್ತು ದಾಟಿದೆ. ಓದಿದ್ದು ಕಡಿಮೆ, ಆದರೆ ಬಾಕ್ಸ್ ಮೇಲಿನ ನಂಬರ್ ನೋಡಿದರೆ ಸಾಕು, ಒಳಗಿನ ಮಾಲಿನ ಜಾತಕ ಹೇಳುತ್ತಾರೆ. ಅವರು ಮೊದಲ ದಿನ ಎರಡು ಬೇರಿಂಗ್ ತಂದು ನನ್ನ ಅಂಗೈಗಳ ಮೇಲಿಟ್ಟರು. ಒಂದು 6205, ಇನ್ನೊಂದು 6305. 'ಒಳಗಿನ ತೂತು ನೋಡವ್ವ, ಎರಡೂ ಒಂದೇ' ಅಂದರು. ನಿಜ, ಎರಡೂ 25 ಮಿ.ಮೀ. ಶಾಫ್ಟಿಗೆ (ಮೆಷಿನ್ನಿನ ತಿರುಗುವ ಕಂಬಿ) ಕೂರುತ್ತವೆ. ನಂಬರಿನ ಕೊನೆಯ 05ನ್ನು ಐದರಿಂದ ಗುಣಿಸಿದರೆ ಶಾಫ್ಟಿನ ಅಳತೆ ಸಿಗುತ್ತದೆ. 06 ಅಂದರೆ 30, 08 ಅಂದರೆ 40. ಆದರೆ 6205ರ ಹೊರ ಅಳತೆ 52 ಮಿ.ಮೀ., 6305ರದ್ದು 62. ದಪ್ಪವೂ ಬೇರೆ, ಒಂದು 15, ಇನ್ನೊಂದು 17. ಶಾಫ್ಟಿಗೆ ಕೂತರೂ ಒಂದರ ಹೌಸಿಂಗಿನಲ್ಲಿ (ಬೇರಿಂಗ್ ಕೂರುವ ಹೊರಗೂಡು) ಇನ್ನೊಂದು ಕೂರುವುದಿಲ್ಲ. ಗಿರಾಕಿ ಫೋನಿನಲ್ಲಿ '25 ಶಾಫ್ಟಿನ ಬೇರಿಂಗ್ ಕಳ್ಸಿ' ಅಂದರೆ ಅಷ್ಟು ಸಾಲದು. ನಂಬರ್ ಕೇಳಬೇಕು. ನಂಬರ್ ಅಳಿಸಿಹೋಗಿದ್ದರೆ ಹೊರ ಅಳತೆ ಕೇಳಬೇಕು. ನಂಬರಿನ ಹಿಂದೆ ಝಡ್‌ಝಡ್ ಇದೆಯಾ, 2ಆರ್‌ಎಸ್ ಇದೆಯಾ ಅಂತಲೂ ಕೇಳಬೇಕು. ಮೊದಲನೆಯದಕ್ಕೆ ತಗಡಿನ ಮುಚ್ಚಳ, ಎರಡನೆಯದಕ್ಕೆ ರಬ್ಬರಿನದು. ತೌಡು, ನಾರಿನ ಪುಡಿ ಹಾರುವ ಜಾಗಕ್ಕೆ ರಬ್ಬರ್ ಸೀಲ್ ಇರುವುದೇ ಒಳ್ಳೆಯದು.

ಬೆಲ್ಟ್ ಕೂಡ ಹಾಗೆಯೇ. ಬಿ-60 ಅಂದರೆ ಬಿ ಸೆಕ್ಷನ್, ಒಳ ಉದ್ದ 60 ಇಂಚು. ಬಿ ಸೆಕ್ಷನ್ನಿನ ಮೇಲಗಲ 17 ಮಿ.ಮೀ., ಎ ಸೆಕ್ಷನ್ 13, ಸಿ 22. ಮೂರು ಬೆಲ್ಟ್ ಓಡುವ ಪುಲ್ಲಿಯಲ್ಲಿ ಒಂದು ಬೆಲ್ಟ್ ಕಿತ್ತುಹೋದರೆ ಮೂರನ್ನೂ ಬದಲಾಯಿಸಬೇಕು. ಹಳೆಯವು ಹಿಗ್ಗಿರುತ್ತವೆ, ಹೊಸದರ ಮೇಲೇ ಪೂರ್ತಿ ಭಾರ ಬಿದ್ದು ಅದೂ ಬೇಗ ಹೋಗುತ್ತದೆ. ಇದನ್ನು ಫೋನಿನಲ್ಲಿ ತಾಳ್ಮೆಯಿಂದ ಹೇಳಿದರೆ ಗಿರಾಕಿ ನಂಬುತ್ತಾನೆ. ಹೇಳದೆ ಒಂದೇ ಕಳಿಸಿದರೆ ವಾರದಲ್ಲಿ 'ನಿಮ್ಮ ಮಾಲು ಸರಿ ಇಲ್ಲ' ಅಂತ ಫೋನ್ ಬರುತ್ತದೆ. ಆ ಬಿಲ್ಲಿನ ದುಡ್ಡೂ ನಿಲ್ಲುತ್ತದೆ. ಮಾಲಿನ ತಿಳಿವಳಿಕೆಗೂ ವಸೂಲಿಗೂ ನಂಟು ಇದೆ ಅಂತ ನನಗೆ ಮೊದಲು ಗೊತ್ತಾಗಿದ್ದು ಆ ಗೋಡೌನಿನಲ್ಲಿ. ಹೊಸದಾಗಿ ಸೇರುವವರಿಗೆ ನಾನು ಹೇಳುವುದೂ ಇದನ್ನೇ. ಮೊದಲ ದಿನಗಳಲ್ಲಿ ಕಂಪ್ಯೂಟರ್ ಬೇಡ, ಗೋಡೌನಿಗೆ ಬಿಡಿ ಅಂತ ನೀವೇ ಕೇಳಿಕೊಳ್ಳಿ.

ಆಮೇಲೆ ಟೇಬಲ್ ಸಿಕ್ಕಿತು. ಬೆಳಗ್ಗೆ ಬಂದ ಕೂಡಲೇ ವಾಟ್ಸಾಪ್ ನೋಡುತ್ತೇನೆ. ರಾತ್ರಿ ಪಾಳಿಯಲ್ಲಿ ಏನಾದರೂ ಮುರಿದಿದ್ದರೆ ಮಿಲ್ಲಿನ ಫಿಟ್ಟರ್ ಫೋಟೋ ಕಳಿಸಿರುತ್ತಾನೆ. ಗ್ರೀಸ್ ಮೆತ್ತಿಕೊಂಡ ಬೇರಿಂಗ್, ನಂಬರ್ ಅರ್ಧ ಕಾಣುವ ಬೆಲ್ಟ್. ಅದನ್ನು ನೋಡಿ ಕೊಟೇಶನ್ ಮಾಡುತ್ತೇನೆ. ಸಣ್ಣ ಮಿಲ್ಲಿಗೆ ಕೊಟೇಶನ್ ಅಂದರೆ ಒಂದು ಮೆಸೇಜು, ಅಷ್ಟೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಹಾಗಲ್ಲ. ಪರ್ಚೇಸ್ ಡಿಪಾರ್ಟ್‌ಮೆಂಟಿನಿಂದ ಎನ್ಕ್ವೈರಿ ಬರುತ್ತೆ, ನಮ್ಮ ಲೆಟರ್‌ಹೆಡ್‌ನಲ್ಲಿ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಮಾಲಿನ ವರ್ಗ ಹೇಳುವ ನಂಬರ್), ತೆರಿಗೆ, ಡೆಲಿವರಿ ದಿನ, ರೇಟ್ ಎಷ್ಟು ದಿನ ನಡೆಯುತ್ತೆ ಅನ್ನುವುದೆಲ್ಲ ಹಾಕಿ ಕಳಿಸಬೇಕು. ಅವರ ಪರ್ಚೇಸ್ ಆರ್ಡರ್ ಬಂದ ಮೇಲೆ ಒಂದೊಂದು ಸಾಲನ್ನೂ ನಮ್ಮ ಕೊಟೇಶನ್ ಜೊತೆ ಇಟ್ಟು ನೋಡಬೇಕು. ಪೇಮೆಂಟ್ ಕಾಲಂನಲ್ಲಿ ನಾವು 30 ದಿನ ಅಂತ ಹಾಕಿದ್ದು ಆರ್ಡರ್‌ನಲ್ಲಿ 60 ಆಗಿ ಬಂದಿರುತ್ತದೆ. ಆಗಲೇ ಫೋನ್ ಮಾಡಿ ಸರಿ ಮಾಡಿಸಬೇಕು. ಮಾಲು ಹೋದ ಮೇಲೆ ಮಾತಾಡಿ ಉಪಯೋಗವಿಲ್ಲ.

ಬಿಲ್ ಹಾಕುವುದು ಸುಲಭ ಅನ್ನುವವರು ಒಂದು ಜಿಎಸ್‌ಟಿ ನಂಬರನ್ನು ಸರಿಯಾಗಿ ಓದಿ ನೋಡಲಿ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ್ದು, ನಮ್ಮ ಕರ್ನಾಟಕ 29. ನಂತರದ ಹತ್ತು ಅವರ ಪ್ಯಾನ್. ಮಧುಗಿರಿ ದಾಟಿ ಹಿಂದೂಪುರದ ಗಿರಾಕಿಗೆ ಮಾಲು ಕಳಿಸಿದರೆ ನಂಬರ್ ಶುರುವಾಗುವುದು 37ರಿಂದ, ಆಂಧ್ರದ್ದು. ನಮ್ಮ ಮಾಲಿಗೆ ತೆರಿಗೆ ಶೇಕಡ 18. ಗುಬ್ಬಿಗೆ ಹೋದರೆ ಅದು ಕೇಂದ್ರಕ್ಕೆ, ರಾಜ್ಯಕ್ಕೆ ಅಂತ 9 ಸಿಜಿಎಸ್‌ಟಿ, 9 ಎಸ್‌ಜಿಎಸ್‌ಟಿ ಆಗಿ ಒಡೆಯುತ್ತದೆ. ಹಿಂದೂಪುರಕ್ಕೆ ಹೋದರೆ ಬೇರೆ ರಾಜ್ಯ, ಪೂರ್ತಿ 18 ಐಜಿಎಸ್‌ಟಿ. ಪಾವಗಡದವರು ಮಾತಿನಲ್ಲಿ ತೆಲುಗು ಬೆರೆಸಿದರೂ ಕರ್ನಾಟಕದವರು. ಫೋನಿನ ಭಾಷೆ ಕೇಳಿ ತೆರಿಗೆ ಹಾಕಲಿಕ್ಕೆ ಆಗುವುದಿಲ್ಲ.

ನಂಬರಿನಲ್ಲಿ ಒಂದು ಅಕ್ಷರ ಆಚೀಚೆಯಾದರೆ ಏನಾಗುತ್ತೆ? ನಾವು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1, ಅಂದರೆ ನಮ್ಮ ಮಾರಾಟದ ಬಿಲ್ಲುಗಳ ಪಟ್ಟಿ, ಹಾಕುತ್ತೇವೆ. 14ನೇ ತಾರೀಕು ಗಿರಾಕಿಯ 2ಬಿ, ಅಂದರೆ ಅವರ ಹೆಸರಿಗೆ ಬಂದ ಖರೀದಿ ಬಿಲ್ಲುಗಳ ಪಟ್ಟಿ, ತಯಾರಾಗುತ್ತದೆ. ಅದರಲ್ಲಿ ನಮ್ಮ ಬಿಲ್ ಕಾಣದಿದ್ದರೆ ಅವರಿಗೆ ಆ ತೆರಿಗೆಯ ಇನ್‌ಪುಟ್ ಸಿಗುವುದಿಲ್ಲ, ಅಂದರೆ ನಮಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲಿಕ್ಕೆ ಆಗುವುದಿಲ್ಲ. 2022ರ ಜನವರಿಯಿಂದ ಕಾನೂನೇ ಹಾಗಿದೆ. ದೊಡ್ಡ ಕಾರ್ಖಾನೆಯ ಅಕೌಂಟ್ಸ್‌ನವರು ಆ ಬಿಲ್ಲನ್ನು ಪಕ್ಕಕ್ಕಿಟ್ಟುಬಿಡುತ್ತಾರೆ. 'ಮೇಡಂ, ನಿಮ್ದು 2ಬಿಯಲ್ಲಿ ಬಂದಿಲ್ಲ, ಪೇಮೆಂಟ್ ಹೋಲ್ಡ್' ಅಂತ ಒಂದೇ ಮಾತು. ತಿದ್ದುಪಡಿಗೆ ಅವಕಾಶ ಇದೆ, ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30ರ ತನಕ. ಆದರೆ ಅಷ್ಟು ದಿನ ನಮ್ಮ ದುಡ್ಡು ಅಲ್ಲಿ ಕೂತಿರುತ್ತದೆ. ಅದಕ್ಕೇ ಹೊಸ ಗಿರಾಕಿ ಬಂದರೆ ನಂಬರನ್ನು ಫೋನಿನಲ್ಲಿ ಬರೆದುಕೊಳ್ಳುವುದಿಲ್ಲ. ರಿಜಿಸ್ಟ್ರೇಶನ್ ಸರ್ಟಿಫಿಕೇಟಿನ ಫೋಟೋ ತರಿಸಿ, ಪೋರ್ಟಲ್‌ನಲ್ಲಿ ಹಾಕಿ, ಹೆಸರು ತಾಳೆಯಾದ ಮೇಲೇ ಖಾತೆ ತೆರೆಯುತ್ತೇನೆ.

ಬಿಲ್ಲಿನ ಮೊತ್ತ ತೆರಿಗೆ ಸೇರಿ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲಿಕ್ಕೆ ಆನ್‌ಲೈನ್‌ನಲ್ಲಿ ಮಾಡುವ ಚೀಟಿ, ಬೇಕು. 2018ರ ಏಪ್ರಿಲ್ 1ರಿಂದ ಇದು ಇದೆ. ನಮ್ಮಲ್ಲಿ ಪಾರ್ಸೆಲ್ ಚಿಕ್ಕದು, ಬೆಲೆ ದೊಡ್ಡದು. ಒಂದು ರಟ್ಟಿನ ಡಬ್ಬಿಯಲ್ಲೇ ಅರವತ್ತು ಸಾವಿರದ ಬೇರಿಂಗ್ ಇರಬಹುದು. ಹುಡುಗರಿಗೆ ಡಬ್ಬಿ ನೋಡಿದರೆ ಅದು ನೆನಪಾಗುವುದಿಲ್ಲ, ಬೈಕಿಗೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಆ ಚೀಟಿಯಲ್ಲಿ ಗಾಡಿಯ ವಿವರ ಬರೆಯುವ ಪಾರ್ಟ್ ಬಿ ಯಲ್ಲಿ ಬೈಕಿನ ನಂಬರೇ ಆದರೂ ತುಂಬಿ, ಮೊಬೈಲಿಗೆ ಕಳಿಸಿದ ಮೇಲೇ ಗೇಟ್ ದಾಟಬೇಕು ಅಂತ ನಾನು ಹಟ ಹಿಡಿದೆ. 200 ಕಿಲೋಮೀಟರಿಗೆ ಒಂದು ದಿನದ ಅವಧಿ, ಹಾಗಾಗಿ ಜಿಲ್ಲೆಯೊಳಗಿನ ಯಾವ ಊರಿಗೂ ಒಂದು ದಿನ ಸಾಕು. ಗಾಡಿ ಹೊರಡದಿದ್ದರೆ 24 ಗಂಟೆಯೊಳಗೆ ರದ್ದು ಮಾಡಬೇಕು.

ಇಷ್ಟರ ತನಕ ಮಾರಾಟದ ಅರ್ಧ. ಇನ್ನರ್ಧ ದುಡ್ಡಿನದು, ಕಷ್ಟವೂ ಅಲ್ಲೇ ಜಾಸ್ತಿ.

ನಮ್ಮ ಕಡೆ ಉದ್ರಿ ಇಲ್ಲದೆ ವ್ಯಾಪಾರವೇ ಇಲ್ಲ. ಭತ್ತದ ಸೀಸನ್ನಿನಲ್ಲಿ ಮಿಲ್ಲಿನವರ ದುಡ್ಡೆಲ್ಲ ಭತ್ತಕ್ಕೆ ಹೋಗಿರುತ್ತದೆ, ಆಗಲೇ ಅವರಿಗೆ ಬೆಲ್ಟ್, ಬೇರಿಂಗ್ ಜಾಸ್ತಿ ಬೇಕು. ಮಳೆಗಾಲದಲ್ಲಿ ನಾರು ಒಣಗುವುದಿಲ್ಲ, ನಾರು ಒಣಗದೆ ಲೋಡ್ ಹೋಗುವುದಿಲ್ಲ, ಲೋಡ್ ಹೋಗದೆ ನಾರಿನ ಘಟಕದವರ ಕೈಗೆ ಕಾಸು ಬರುವುದಿಲ್ಲ. ಇದೆಲ್ಲ ಗೊತ್ತಿದ್ದು ಉದ್ರಿ ಕೊಡಬೇಕು. ಆದರೆ 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ತೆರಿಗೆ ಬಿಟ್ಟು ಒಂದು ಲಕ್ಷದ ಬಿಲ್. ದೊಡ್ಡ ಆರ್ಡರ್ ಅಂತ ಪೈಪೋಟಿಗೆ ಬಿದ್ದು ಶೇಕಡ 5 ಲಾಭಕ್ಕೆ ಕೊಟ್ಟಿದ್ದೇವೆ ಅಂತಿಟ್ಟುಕೊಳ್ಳಿ. ಲಾಭ 5,000. ಮಾಲು ತಂದ ದುಡ್ಡು ಬ್ಯಾಂಕಿನ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ. ವರ್ಷಕ್ಕೆ ಶೇಕಡ 12 ಬಡ್ಡಿ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ. ಗಿರಾಕಿ ಐದು ತಿಂಗಳು ತಳ್ಳಿದರೆ ಲಾಭ ಅಲ್ಲಿಗೆ ಮುಗಿಯಿತು. ಅದಲ್ಲದೆ ಬಿಲ್ ಮೇಲೆ ಹಾಕಿದ 18,000 ತೆರಿಗೆ ಇದೆಯಲ್ಲ, ಅದನ್ನು ಗಿರಾಕಿ ಕೊಟ್ಟರೂ ಕೊಡದಿದ್ದರೂ ಮುಂದಿನ ತಿಂಗಳ 20ರೊಳಗೆ 3ಬಿಯಲ್ಲಿ (ತೆರಿಗೆ ಕಟ್ಟುವ ತಿಂಗಳ ರಿಟರ್ನ್) ತೋರಿಸಿ, ನಮ್ಮ ಇನ್‌ಪುಟ್ ಕಳೆದು, ಉಳಿದದ್ದನ್ನು ಕಟ್ಟಬೇಕು. ನಮ್ಮ ಮನೆಯಿಂದ ತೆರಿಗೆ ಕಟ್ಟಿ ಅವರಿಗೆ ಇನ್‌ಪುಟ್ ಕೊಟ್ಟ ಹಾಗೆ ಆಗುತ್ತದೆ.

ಹೊರಗೆ ತಿರುಗುವ ಹುಡುಗರಿಗೆ ಈ ಲೆಕ್ಕ ಕಾಣುವುದಿಲ್ಲ. ಅವರ ತಪ್ಪು ಅನ್ನುವುದಿಲ್ಲ. ಬಿಸಿಲಲ್ಲಿ ಶಿರಾ, ಮಧುಗಿರಿ ಸುತ್ತಿ ಟಾರ್ಗೆಟ್ ಮುಟ್ಟಬೇಕು. ಆರ್ಡರ್ ಸಿಗುತ್ತೆ ಅಂದರೆ 'ನಿಧಾನಕ್ಕೆ ಕೊಡಿ ಸರ್' ಅಂತ ಒಂದು ಮಾತು ಬಾಯಿಗೆ ಬಂದುಬಿಡುತ್ತದೆ. ಆಡಿಟರ್ ಆಫೀಸಿನವರಿಗೆ ಬಡ್ಡಿ, ತೆರಿಗೆ ಕಾಣುತ್ತದೆ, ಆದರೆ ನಾರಿನ ಘಟಕದ ಮಳೆಗಾಲ ಕಾಣುವುದಿಲ್ಲ. ಎರಡೂ ಕಾಣುವುದು ನನ್ನ ಮೇಜಿನಿಂದ. ಗಿರಾಕಿ ರೇಟ್ ಕೇಳುವಾಗ ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಮೌಸ್. ಅವರ ಲೆಡ್ಜರ್ ತೆರೆದು, ಹಳೆ ಬಿಲ್ ಎಷ್ಟು ದಿನದಲ್ಲಿ ಕಟ್ಟಿದ್ದಾರೆ ನೋಡಿ ಆಮೇಲೆ ರೇಟ್ ಹೇಳುತ್ತೇನೆ. ಹದಿನೈದು ದಿನದಲ್ಲಿ ಕಟ್ಟುವವರಿಗೆ ಇನ್ನೊಂದು ಪರ್ಸೆಂಟ್ ಬಿಡಬಹುದು. ತಿಂಗಳುಗಟ್ಟಲೆ ತಳ್ಳುವವರಿಗೆ ಅದೇ ರೇಟ್ ಕೊಟ್ಟರೆ ಮೊದಲನೆಯವರಿಗೆ ಅನ್ಯಾಯ ಮಾಡಿದ ಹಾಗೆ. ಮುಖ ನೋಡಿ ಮಣೆ ಹಾಕಬಾರದು ಅಂತಾರಲ್ಲ, ಖಾತೆ ನೋಡಿ ಹಾಕಬೇಕು.

ವಸೂಲಿ ಫೋನ್ ಮಾಡಲಿಕ್ಕೆ ಮೊದಮೊದಲು ಬಹಳ ಮುಜುಗರ ಆಗುತ್ತಿತ್ತು. ಅಪ್ಪನ ವಯಸ್ಸಿನವರು, ಬಂದಾಗ ಎಳನೀರು ತಂದುಕೊಡುವವರು. ಅವರ ಹತ್ತಿರ ದುಡ್ಡು ಕೇಳುವುದು ಹೇಗೆ? ಗೋಡೌನ್ ಅಣ್ಣ ಹೇಳಿಕೊಟ್ಟ ದಾರಿ ನನಗೆ ಹಿಡಿಸಿತು. 'ದುಡ್ಡು ಕೇಳಬೇಡ ಕಣವ್ವ, ಮಾಲು ಕೇಳು' ಅಂದರು. ಅಂದರೆ, ಹೋದ ತಿಂಗಳು ಕಳಿಸಿದ ಬೆಲ್ಟ್ ಸರಿಯಾಗಿ ಕೂತಿತಾ, ಸದ್ದು ಬರುತ್ತಿದೆಯಾ ಅಂತ ವಿಚಾರಿಸುವುದು. ದುಡ್ಡು ನಿಂತಿರುವುದಕ್ಕೆ ಎಷ್ಟೋ ಸಲ ಏನೋ ಒಂದು ಅಸಮಾಧಾನ ಕಾರಣವಾಗಿರುತ್ತದೆ. ಅದು ಈ ಮಾತಿನಲ್ಲಿ ಹೊರಗೆ ಬರುತ್ತದೆ.

ಕೊರಟಗೆರೆ ಕಡೆಯ ಒಬ್ಬ ಯಜಮಾನರದ್ದು ಹಾಗೇ ಆಗಿತ್ತು. ಹಳೇ ಗಿರಾಕಿ, ಎಂದೂ ತಡ ಮಾಡಿದವರಲ್ಲ. ಒಂದು ಬಿಲ್ ಮಾತ್ರ ಎರಡು ತಿಂಗಳು ದಾಟಿ ಹಾಗೇ ಇತ್ತು. ಸೇಲ್ಸ್ ಹುಡುಗ ಕೇಳಿದರೆ 'ನೋಡೋಣ' ಅಂತಿದ್ದರಂತೆ. ನಾನು ಫೋನ್ ಮಾಡಿ ಬೆಲ್ಟಿನ ಬಗ್ಗೆ ಕೇಳಿದೆ.

'ಬೆಲ್ಟು ಚೆನ್ನಾಗೈತೆ ಕಣಮ್ಮ. ಆದ್ರೆ ಎರಡು ವಾಪಸ್ ಕೊಟ್ಟಿದ್ನಲ್ಲ, ಅದನ್ನ ಕಳ್ದಿದೀರಾ?'

ನಮ್ಮ ಲೆಕ್ಕದಲ್ಲಿ ವಾಪಸ್ ಬಂದ ದಾಖಲೆಯೇ ಇರಲಿಲ್ಲ. ಗೋಡೌನಿನಲ್ಲಿ ಹುಡುಕಿದರೆ ಎರಡು ಸಿ ಸೆಕ್ಷನ್ ಬೆಲ್ಟು ಮೂಲೆಯ ಮೊಳೆಗೆ ನೇತುಹಾಕಿತ್ತು. ಹುಡುಗ ತಂದಿಟ್ಟಿದ್ದಾನೆ, ಚೀಟಿ ಬರೆದಿಲ್ಲ. ಅವತ್ತೇ ಕ್ರೆಡಿಟ್ ನೋಟ್ (ಬಿಲ್ಲಿನಿಂದ ಕಳೆದ ಮೊತ್ತದ ಚೀಟಿ) ಮಾಡಿ, ಮೂಲ ಬಿಲ್ಲಿನ ನಂಬರ್ ಹಾಕಿ, ತೆರಿಗೆಯನ್ನೂ ಕಳೆದು ಅವರಿಗೆ ಕಳಿಸಿದೆ. ಸಂಜೆಯೊಳಗೆ ಪೂರ್ತಿ ದುಡ್ಡು ಬ್ಯಾಂಕಿಗೆ ಬಂತು. ಅವರು ನಿಲ್ಲಿಸಿದ್ದು ದುಡ್ಡಿಲ್ಲದೆ ಅಲ್ಲ. ತಮ್ಮ ಮಾತು ಲೆಕ್ಕಕ್ಕೆ ಬರಲಿಲ್ಲ ಅನ್ನುವ ಬೇಸರಕ್ಕೆ. ಮಾರಿದವರೊಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು ಆಗಿದ್ದರೆ ಆ ಎರಡು ಬೆಲ್ಟು ಇನ್ನೂ ಮೊಳೆಯ ಮೇಲೇ ಇರುತ್ತಿತ್ತು. ಈಗ ನಮ್ಮಲ್ಲಿ ವಾಪಸ್ ಮಾಲಿಗೆ ಹಳದಿ ಚೀಟಿ ಇದೆ, ಚೀಟಿ ಇಲ್ಲದ ಮಾಲನ್ನು ಗೋಡೌನ್ ಅಣ್ಣ ಒಳಗೆ ಬಿಡುವುದಿಲ್ಲ.

ಎಲ್ಲರೂ ಆ ಯಜಮಾನರಂತೆ ಇರುವುದಿಲ್ಲ, ಅದನ್ನೂ ಹೇಳಬೇಕು. ಒಬ್ಬ ಗಿರಾಕಿ ಕೊಟ್ಟ ಚೆಕ್ ದುಡ್ಡಿಲ್ಲದೆ ವಾಪಸ್ ಬಂತು. ಚೆಕ್ಕಿನ ಆಯುಸ್ಸು ಬರೆದ ತಾರೀಕಿನಿಂದ ಮೂರು ತಿಂಗಳು. ಬ್ಯಾಂಕಿನ ರಿಟರ್ನ್ ಮೆಮೊ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. 'ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ' ಅನ್ನುವ ಮಾತಿನಲ್ಲೇ ಆ 30 ದಿನ ಜಾರಿಹೋಗುತ್ತದೆ. ಆದ್ದರಿಂದ ಮೆಮೊ ಬಂದ ದಿನವೇ ಅದರ ಮೇಲೆ ಕೊನೆ ತಾರೀಕು ಬರೆದು ಓನರ್ ಸರ್ ಟೇಬಲ್ ಮೇಲಿಟ್ಟೆ. ವಕೀಲರ ನೋಟಿಸ್ ಹೋಯಿತು, ದುಡ್ಡು ಎರಡು ಕಂತಿನಲ್ಲಿ ಬಂತು. ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡಿಸುವ ಕಾನೂನು ಇದೆ ಅಂತ ಕೆಲವರು ನಮಗೂ ಹೇಳುತ್ತಾರೆ. ನಮ್ಮಂಥ ವ್ಯಾಪಾರಿಗಳಿಗೆ ಅದು ಇಲ್ಲ. 2021ರ ಜುಲೈನಲ್ಲಿ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಕೊಟ್ಟರು, ಆದರೆ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಅಂದರೆ ನಮ್ಮನ್ನು ಕಾಯುವುದು ನಮ್ಮ ಕಾಗದ ಪತ್ರ, ನಮ್ಮ ಫಾಲೋಅಪ್.

ಕ್ಯಾಶ್ ವಿಷಯದಲ್ಲಿ ಒಂದು ಗಟ್ಟಿತನ ಬೇಕು. ಮಿಲ್ಲಿನ ಹಿರಿಯರೊಬ್ಬರು ಚೀಲದಲ್ಲಿ ದುಡ್ಡು ತಂದು, 'ಏನವ್ವಾ, ನಮ್ದೆಲ್ಲಾ ಚುಕ್ತಾ ಮಾಡ್ಬಿಡು' ಅಂದರು. ಎರಡು ಲಕ್ಷದ ಮೇಲಿತ್ತು. 2017ರ ಏಪ್ರಿಲ್‌ನಿಂದ ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ನಮಗೆ. ಕೊಡುವವರಿಗೆ ಅವಮಾನ ಆಗದ ಹಾಗೆ ಹೇಳಬೇಕು. ಕಾಫಿ ತರಿಸಿ, 'ಅಪ್ಪಾ, ನಿಮ್ಮ ದುಡ್ಡಿಗೆ ನಮ್ಮಿಂದ ತೊಂದರೆ ಆಗಬಾರದು, ನಿಮ್ಮ ಬ್ಯಾಂಕಿನಿಂದಲೇ ಆರ್‌ಟಿಜಿಎಸ್ ಮಾಡಿಸೋಣ' ಅಂದೆ. ನಮ್ಮ ಹುಡುಗನೇ ಜೊತೆಗೆ ಹೋಗಿ ಫಾರಂ ತುಂಬಿಸಿ ಬಂದ.

ಬ್ಯಾಂಕ್ ತಾಳೆ ನೋಡುವುದು ನನಗೆ ಬಹಳ ಇಷ್ಟದ ಕೆಲಸ. ದಿನಾ ಸಂಜೆ ಸ್ಟೇಟ್‌ಮೆಂಟ್ ತೆಗೆಯುತ್ತೇನೆ. ಯುಪಿಐ ಬಂದ ಮೇಲೆ ದುಡ್ಡು ಬೇಗ ಬರುತ್ತದೆ, ಯಾರದು ಅಂತ ಗೊತ್ತಾಗುವುದು ಮಾತ್ರ ಕಷ್ಟ. ಬಿಲ್ ಮಿಲ್ಲಿನ ಹೆಸರಲ್ಲಿ, ದುಡ್ಡು ಬರುವುದು ತಮ್ಮನ ಮಗನ ಫೋನಿನಿಂದ. 14,160 ರೂಪಾಯಿ ಯಾರೋ ಹಾಕಿದ್ದಾರೆ. ಹೆಸರು ಯಾವ ಖಾತೆಗೂ ಹೊಂದುವುದಿಲ್ಲ. ಆಗ ಮೊತ್ತ ನೋಡಬೇಕು. 14,160 ಅಂದರೆ 12,000ಕ್ಕೆ ಶೇಕಡ 18 ಸೇರಿಸಿದ್ದು. 12,000ದ ಬಿಲ್ ಯಾರದಿತ್ತು? ಹೋದ ವಾರದ ಗುಬ್ಬಿಯದು. ಫೋನ್ ಮಾಡಿದರೆ, 'ಹೌದು ಮೇಡಂ, ನಮ್ಮ ಹುಡುಗನೇ ಹಾಕಿದ್ದು'. ಟ್ಯಾಲಿಯಲ್ಲಿ ಎಫ್ 6 ಒತ್ತಿ ರಸೀದಿ ಹಾಕುವಾಗ 'ಆನ್ ಅಕೌಂಟ್' ಅಂತ ಹಾಕಿ ಕೈತೊಳೆದುಕೊಳ್ಳಬಾರದು. ಯಾವ ಬಿಲ್ಲಿಗೆ ಬಂದದ್ದೋ ಅದೇ ಬಿಲ್ಲಿನ ಎದುರು ಹಾಕಬೇಕು. ಇಲ್ಲದಿದ್ದರೆ ಬಾಕಿ ಪಟ್ಟಿಯಲ್ಲಿ ಕಟ್ಟಿದ ಬಿಲ್ಲೂ ಬಾಕಿ ಅಂತಲೇ ತೋರಿಸುತ್ತದೆ. ಕಟ್ಟಿದವರಿಗೆ ಫೋನ್ ಮಾಡಿ ಬಾಕಿ ಕೇಳಿದರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತದೆ ಅಲ್ವಾ?

ಆಯುಧಪೂಜೆ ಮುಂಚೆ ಒಂದು ರಶ್ ಇರುತ್ತದೆ, ಮಿಲ್ಲುಗಳೆಲ್ಲ ಮೆಷಿನ್ ಬಿಚ್ಚಿ ರಿಪೇರಿ ಮಾಡಿಸಿಕೊಳ್ಳುತ್ತವೆ. ಮಾರ್ಚ್ ಕೊನೆಗೆ ಸ್ಟಾಕ್ ಎಣಿಕೆ. ಆಗ ನಾನೂ ಗೋಡೌನಿಗಿಳಿದು ಪ್ರತಿ ರ‍್ಯಾಕ್ ಎಣಿಸುತ್ತೇನೆ. ಕಂಪ್ಯೂಟರಿನಲ್ಲಿ 6305 ಒಂದು ಕಡಿಮೆ, 6205 ಒಂದು ಜಾಸ್ತಿ ಅಂತ ಬಂದರೆ ಯಾರಿಗೋ ಒಂದರ ಬದಲು ಇನ್ನೊಂದು ಹೋಗಿದೆ ಅಂತ ತಕ್ಷಣ ಹೊಳೆಯುತ್ತದೆ. ಮಾಲು ಗೊತ್ತಿಲ್ಲದವರಿಗೆ ಅದು ಬರೀ ಎರಡು ವ್ಯತ್ಯಾಸ.

ಹೋದ ವರ್ಷ ವ್ಯಾಪಾರ ಬೆಳೆಯಿತು. ಓನರ್ ಸರ್ ಕರೆದು, 'ನಿನಗೆ ಕೆಲಸ ಜಾಸ್ತಿ ಆಗಿದೆ. ಎರಡು ಭಾಗ ಮಾಡೋಣ. ನೀನು ಸೇಲ್ಸ್ ಮಾತ್ರ ನೋಡ್ಕೋ, ಅಕೌಂಟ್ಸ್‌ಗೆ ಬೇರೆಯವರನ್ನ ತಗೊಳ್ಳೋಣ' ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ನಾನು ಎರಡು ದಿನ ಸಮಯ ಕೇಳಿದೆ. ನನ್ನ ವಾದ ಒಂದೇ. ರೇಟ್ ಹೇಳುವವರಿಗೆ ಬಾಕಿ ಕಾಣಬೇಕು, ಬಾಕಿ ಕೇಳುವವರಿಗೆ ಮಾಲು ಗೊತ್ತಿರಬೇಕು. ಅದನ್ನು ಒಡೆದರೆ ಕೊರಟಗೆರೆಯ ಬೆಲ್ಟಿನಂಥದ್ದು ತಿಂಗಳಿಗೊಂದು ಆಗುತ್ತದೆ. ಅದೇ ಸಮಯಕ್ಕೆ ಇನ್ನೊಂದು ಮಾತೂ ಹೇಳಿದೆ. ನಗದು ತೆಗೆದುಕೊಳ್ಳುವುದು, ರಸೀದಿ ಬರೆಯುವುದು, ಲೆಡ್ಜರ್ ಹಾಕುವುದು ಮೂರೂ ಒಬ್ಬರ ಕೈಯಲ್ಲಿ ಇರಬಾರದು. ಆ ಒಬ್ಬರು ನಾನೇ ಆದರೂ ಸರಿ. ನಂಬಿಕೆ ಇದೆ ಅಂತ ವ್ಯವಸ್ಥೆ ಇಲ್ಲದೆ ಇರಬಾರದು. ನಾಳೆ ಒಂದು ಸಾವಿರ ವ್ಯತ್ಯಾಸ ಬಂದರೆ ಮೊದಲು ನೋಡುವುದು ನನ್ನ ಮುಖವನ್ನೇ.

ಅವರು ಒಪ್ಪಿಕೊಂಡರು. ಈಗ ಹೊಸದಾಗಿ ಒಬ್ಬಳು ಹುಡುಗಿ ಸೇರಿದ್ದಾಳೆ, ಮಧುಗಿರಿ ಕಡೆಯವಳು. ಕ್ಯಾಶ್ ಪೆಟ್ಟಿಗೆ, ರಸೀದಿ ಪುಸ್ತಕ, ದಿನದ ಖರ್ಚು, ಖರೀದಿ ಬಿಲ್ಲುಗಳ ಎಂಟ್ರಿ ಅವಳದ್ದು. ಕೊಟೇಶನ್, ಬಿಲ್, ಬಾಕಿ, ಬ್ಯಾಂಕ್ ತಾಳೆ ನನ್ನದು. ಸಂಜೆ ಅವಳ ಕ್ಯಾಶ್ ನಾನು ಎಣಿಸಿ ಸಹಿ ಹಾಕುತ್ತೇನೆ, ನನ್ನ ಬಾಕಿ ಪಟ್ಟಿಯನ್ನು ಶನಿವಾರ ಓನರ್ ಸರ್ ನೋಡಿ ಸಹಿ ಹಾಕುತ್ತಾರೆ. ಗಿರಾಕಿಗಳ ಉದ್ರಿ ಮಿತಿ ಎಷ್ಟಿರಬೇಕು ಅಂತ ತೀರ್ಮಾನಿಸುವಾಗ ಈಗ ನನ್ನನ್ನೂ ಕೇಳುತ್ತಾರೆ. ಸೇಲ್ಸ್ ಹುಡುಗರು ಊರು ಹೊರಡುವ ಮುಂಚೆ ಆ ದಾರಿಯ ಗಿರಾಕಿಗಳ ಬಾಕಿ ಪಟ್ಟಿ ಅವರ ಮೊಬೈಲಿಗೆ ಹೋಗಿರುತ್ತದೆ. ಆ ಮಧುಗಿರಿ ಹುಡುಗಿಯನ್ನು ಮೊದಲ ದಿನ ಕಂಪ್ಯೂಟರ್ ಮುಂದೆ ಕೂರಿಸಲಿಲ್ಲ. ಗೋಡೌನಿಗೇ ಕಳಿಸಿದೆವು.